ಗೆಣ್ಣಿನೊಳಗಿನ ಗಾರೆ

ಬಿದಿರಿನ ಗಳವನ್ನು ಮುರಿಯುವುದು ಕಷ್ಟ, ಸೀಳುವುದು ಸುಲಭ. ನಾರೆಲ್ಲ ಉದ್ದಕ್ಕೆ ಸಾಗಿ, ಹೊರಮೈ ಕಡೆ ಒತ್ತಾಗಿ ಸೇರಿರುವುದರಿಂದ ಎಳೆತಕ್ಕೆ ಅದು ಅದ್ಭುತವಾಗಿ ನಿಲ್ಲುತ್ತದೆ. ಆದರೆ ಎರಡು ಗಳ ಕೂಡುವಲ್ಲಿ ಮೊಳೆ ಹೊಡೆದರೆ ಸೀಳು ಬಿಡುತ್ತದೆ. ಹಗ್ಗದಲ್ಲಿ ಬಿಗಿದು ಕಟ್ಟಬಹುದು, ನಿಜ; ದೊಡ್ಡ ಚಾವಣಿಗೆ ಅದು ಸಾಲದು.

ಕೊಲಂಬಿಯಾದ ವಾಸ್ತುಶಿಲ್ಪಿ ಸಿಮೋನ್ ವೆಲೆಜ್ ಕಂಡುಕೊಂಡ ಉಪಾಯ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಕೂಡುವೆಡೆಯಲ್ಲಿ ಎರಡು ಗೆಣ್ಣುಗಳ ನಡುವಿನ ಟೊಳ್ಳಿಗೆ ಸಿಮೆಂಟ್ ಗಾರೆ ತುಂಬಿ ಬೋಲ್ಟ್ ಬಿಗಿಯುವುದು, ಅಷ್ಟೇ! ಒತ್ತಡ ಗಳದ ತೆಳು ಗೋಡೆಯೊಂದರ ಮೇಲೇ ಬೀಳದೆ ಗಾರೆಗೆ ಹಂಚಿಹೋಗುತ್ತದೆ. ಅಲ್ಲಿನ ಗ್ವಾಡುವಾ ಬಿದಿರಿನಿಂದಲೇ ಅವರು 2000ದಲ್ಲಿ ಜರ್ಮನಿಯ ಹ್ಯಾನೋವರ್ ವಿಶ್ವಮೇಳಕ್ಕೆ ಭಾರಿ ಮಂಟಪ ಕಟ್ಟಿದರು. ಜರ್ಮನಿಯ ಅಧಿಕಾರಿಗಳಿಗೆ ನಂಬಿಕೆ ಬರಲೆಂದು ಮೊದಲು ಕೊಲಂಬಿಯಾದ ಮನಿಜಾಲೆಸ್‌ನಲ್ಲಿ ಅಷ್ಟೇ ಗಾತ್ರದ ಮಾದರಿಯನ್ನು ಎಬ್ಬಿಸಿದ್ದರು. ಎಂಥ ಛಲ!

ಬಲಿತ ಗಳ, ಹುಳು ಹಿಡಿಯದಂತೆ ಬೋರಾಕ್ಸ್ ಉಪಚಾರ, ನೆಲ ತಾಗದ ಬುಡ, ಮಳೆ ತಡೆಯುವ ಅಗಲ ಸೂರು ಇವಿಷ್ಟಿದ್ದರೆ ಬಿದಿರು ದಶಕಗಟ್ಟಲೆ ಬಾಳುತ್ತದೆ. ನಮ್ಮಲ್ಲಿ ಬಿದಿರಿದೆ, ಮೇದಾರರ ಕೈಚಳಕವಿದೆ. ಎಂಜಿನಿಯರಿಂಗ್ ಕಾಲೇಜುಗಳು ಉಕ್ಕು, ಕಾಂಕ್ರೀಟಿನ ಜೊತೆಗೆ ಇದನ್ನೂ ಪಾಠವಾಗಿಸಲಿ.