ರೆಡ್ ಡ್ವಾರ್ಫ್: ಮರಳಿ ಬಂದವರೂ ಕಾದು ಕುಳಿತವರೂ

ಹಳೆಯ ಕೃತಿಯೊಂದನ್ನು ಅದರ ಕರ್ತೃವೇ ಮತ್ತೆ ಮುಟ್ಟಿದಾಗ ಓದುಗನಿಗೋ ಪ್ರೇಕ್ಷಕನಿಗೋ ಉಂಟಾಗುವ ಅಸಮಾಧಾನವನ್ನು ನಾವು ಸಾಮಾನ್ಯವಾಗಿ ‘ಹಳೆಯದರ ಮೋಹ’ ಎಂದು ತಳ್ಳಿಹಾಕಿಬಿಡುತ್ತೇವೆ. ‘ರೆಡ್ ಡ್ವಾರ್ಫ್’ ಎಂಬ ಬ್ರಿಟಿಷ್ ಹಾಸ್ಯ ಧಾರಾವಾಹಿ ಹತ್ತು ವರ್ಷಗಳ ಮೌನದ ಬಳಿಕ 2009ರಲ್ಲಿ ಮರಳಿ ಬಂದಾಗ ಅದರ ಅಭಿಮಾನಿಗಳು ಆಡಿದ ಮಾತುಗಳನ್ನು ಗಮನಿಸಿದರೆ ಈ ತೀರ್ಮಾನ ಅಷ್ಟು ಸರಿಯೆನಿಸುವುದಿಲ್ಲ. ಅವರಲ್ಲಿ ಕೆಲವರು ಸಂತೋಷಪಟ್ಟರು, ಕೆಲವರು ನೊಂದುಕೊಂಡರು. ಆದರೆ ಇಬ್ಬರೂ ಜಗಳವಾಡುತ್ತಿದ್ದುದು ಹೊಸ ಕಂತುಗಳ ಬಗೆಗಲ್ಲ. ತಾವು ಇಪ್ಪತ್ತು ವರ್ಷ ಪ್ರೀತಿಸಿದ್ದು ಯಾವುದನ್ನು ಎಂಬುದೇ ಅವರ ನಡುವಣ ವಿವಾದವಾಗಿತ್ತು.

ಇದನ್ನು ನೋಡಿರದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಬೇಕು. ರಾಬ್ ಗ್ರಾಂಟ್ ಮತ್ತು ಡಗ್ ನೇಲರ್ ಎಂಬಿಬ್ಬರು ಬರೆದ ಇದು ಬಿ.ಬಿ.ಸಿ.ಯ ಎರಡನೆಯ ವಾಹಿನಿಯಲ್ಲಿ 1988ರ ಫೆಬ್ರವರಿಯಲ್ಲಿ ಆರಂಭವಾಯಿತು. ರೆಡ್ ಡ್ವಾರ್ಫ್ ಎಂಬುದು ಬಾಹ್ಯಾಕಾಶದಲ್ಲಿ ಓಡಾಡುವ ಒಂದು ಗಣಿಗಾರಿಕೆಯ ಹಡಗು. ಅದರಲ್ಲಿ ಅತ್ಯಂತ ಕೆಳಗಿನ ದರ್ಜೆಯ ನೌಕರ ಲಿಸ್ಟರ್. ನಿಯಮ ಮೀರಿ ಒಂದು ಬಸುರಿ ಬೆಕ್ಕನ್ನು ಸಾಕಿಕೊಂಡಿದ್ದಾನೆ. ಅದನ್ನು ಒಪ್ಪಿಸಲಾರೆ ಎಂದದ್ದಕ್ಕೆ ಅವನನ್ನು ಕಾಲ ಸ್ತಂಭಿಸಿರುವ ಕೋಣೆಯೊಂದರಲ್ಲಿ ಕೂಡಿಹಾಕುತ್ತಾರೆ. ಅಷ್ಟರಲ್ಲಿ ವಿಕಿರಣ ಸೋರಿ ಹಡಗಿನ ಎಲ್ಲರೂ ಸಾಯುತ್ತಾರೆ. ವಿಕಿರಣ ತಗ್ಗುವವರೆಗೆ ಕಾದು ಗಣಕಯಂತ್ರ ಹೋಲಿ ಬಾಗಿಲು ತೆರೆಯುವಾಗ 30 ಲಕ್ಷ ವರ್ಷಗಳು ಕಳೆದುಹೋಗಿವೆ. ಲಿಸ್ಟರನಿಗೆ ಉಳಿದ ಸಂಗಾತಿಗಳೆಂದರೆ ಆ ಬೆಕ್ಕಿನ ಸಂತತಿಯಿಂದ ವಿಕಾಸಗೊಂಡ, ತನ್ನ ಅಂಗಿಯ ಅಂದಕ್ಕಿಂತ ಬೇರೆ ಚಿಂತೆಯಿಲ್ಲದ ಒಬ್ಬ ಬೆಕ್ಕು-ಮನುಷ್ಯ. ಮತ್ತು ಸತ್ತುಹೋದ ತನ್ನ ಮೇಲಧಿಕಾರಿ ರಿಮ್ಮರನ ಬೆಳಕಿನ ಪ್ರತಿರೂಪ. ಹಣೆಯ ಮೇಲೆ ‘ಎಚ್’ ಎಂಬ ಅಕ್ಷರ ಹೊತ್ತ ಹೊಲೋಗ್ರಾಂ. ಅವನು ಏನನ್ನೂ ಮುಟ್ಟಲಾರ. ವಿಕಿರಣ ಸೋರಿದ್ದೂ ಅವನು ನೆಟ್ಟಗೆ ಮಾಡದ ದುರಸ್ತಿಯಿಂದಲೇ.

ಈ ರಿಮ್ಮರ್ ಪಾತ್ರವನ್ನು ನಾನು ಮರೆಯಲಾರೆ. ಅವನಿಗೆ ಅಧಿಕಾರಿಯಾಗುವ ಆಸೆ. ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಸೋಲುತ್ತಾನೆ. ಒಮ್ಮೆ ಉತ್ತರಪತ್ರಿಕೆಯ ತುಂಬ ತಾನೊಂದು ಮೀನು ಎಂದು ನಾನೂರು ಸಲ ಬರೆದು ಮೂರ್ಛೆಹೋದವನು. ಬಡ್ತಿ ಪರೀಕ್ಷೆಯ ಸುತ್ತೋಲೆ ಬಂದ ದಿನ ಯಾವುದೇ ಬ್ಯಾಂಕಿನ ಶಾಖೆಯೊಳಗೆ ಹೋಗಿ ನೋಡಿ, ಒಬ್ಬನಾದರೂ ರಿಮ್ಮರ್ ಸಿಗುತ್ತಾನೆ. ಕ್ರಿಸ್ ಬ್ಯಾರಿ ಅವನನ್ನು ಅಭಿನಯಿಸುವ ರೀತಿಯಲ್ಲಿ ಮೂಗಿನ ಹೊಳ್ಳೆಗಳಿಗೂ ಪಾಲಿದೆ. ಲಿಸ್ಟರನಾಗಿ ಕ್ರೇಗ್ ಚಾರ್ಲ್ಸ್, ಬೆಕ್ಕಾಗಿ ಡ್ಯಾನಿ ಜಾನ್-ಜೂಲ್ಸ್, ಮೂರನೆಯ ಸರಣಿಯಿಂದ ಯಂತ್ರಸೇವಕ ಕ್ರೈಟನ್ ಆಗಿ ರಾಬರ್ಟ್ ಲ್ಲೆವೆಲಿನ್ ಕೂಡಿಕೊಂಡ ಮೇಲೆ ಈ ನಾಲ್ವರದೇ ಒಂದು ಮನೆಯಾಯಿತು.

ಬಾಹ್ಯಾಕಾಶ ಇಲ್ಲಿ ಒಂದು ನೆಪ. ಎರಡು ಹಾಸಿಗೆಗಳ ಒಂದು ಕೋಣೆ, ಪರಸ್ಪರ ಸಹಿಸಲಾರದ ಇಬ್ಬರು, ಹೊರಗೆ ಯಾರೂ ಇಲ್ಲ. ಇದೇ ಅದರ ಬಂಡವಾಳ. ಮಲಯಾಳ ಓದುಗರಿಗೆ ದಾಸನ್-ವಿಜಯನ್ ಜೋಡಿಯನ್ನು ನೆನಪಿಸಿದರೆ ಸಾಕು. 1987ರ ‘ನಾಡೋಡಿಕ್ಕಾಟ್ಟ್’ ಚಿತ್ರದಲ್ಲಿ ಆ ಇಬ್ಬರ ಜಗಳಕ್ಕೆ ನಗುತ್ತಿರುವಾಗಲೂ ಕೆಲಸವಿಲ್ಲದವರ ಸಂಕಟ ಹಿಂದಿನಿಂದ ಇಣುಕುತ್ತಿರುತ್ತದಲ್ಲ, ಇಲ್ಲಿ ಆ ಜಾಗದಲ್ಲಿ ಇಣುಕುವುದು ಮನುಷ್ಯಕುಲದಲ್ಲಿ ತಾನೊಬ್ಬನೇ ಉಳಿದಿದ್ದೇನೆ ಎಂಬ ಅರಿವು. ಮೊದಲ ಎರಡು ಸರಣಿಗಳು ಬೂದುಬಣ್ಣದ ಗೋಡೆಗಳ ನಡುವೆ ನಡೆಯುತ್ತವೆ. ಖರ್ಚು ಕಡಿಮೆ, ಮಾತು ಹೆಚ್ಚು. ಆ ಬೂದುಬಣ್ಣವೇ ಇಷ್ಟವಾದವರು ಒಂದು ಪಂಗಡ. ಮೂರರಿಂದ ಆರನೆಯ ಸರಣಿಯವರೆಗಿನ ವೇಗವನ್ನೂ ವಿಜ್ಞಾನಕಥೆಯ ಚಮತ್ಕಾರವನ್ನೂ ಮೆಚ್ಚಿದವರು ಇನ್ನೊಂದು ಪಂಗಡ. ಆರನೆಯ ಸರಣಿಯ ‘ಗನ್‌ಮೆನ್ ಆಫ್ ದಿ ಅಪೋಕಲಿಪ್ಸ್’ 1994ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಪಡೆಯಿತು. ಅಂದರೆ ಮರಳಿ ಬರುವ ಮಾತು ಹುಟ್ಟುವ ಮೊದಲೇ ಅಭಿಮಾನಿಗಳಲ್ಲಿ ಒಡಕು ಇತ್ತು.

ಆರನೆಯ ಸರಣಿಯ ಬಳಿಕ ಗ್ರಾಂಟ್ ಹೊರನಡೆದರು. 1997ರ ಏಳನೆಯ ಸರಣಿಯನ್ನು ಸ್ಟುಡಿಯೋ ಪ್ರೇಕ್ಷಕರಿಲ್ಲದೆ ಚಿತ್ರೀಕರಿಸಿ, ಬಳಿಕ ಜನರಿಗೆ ತೋರಿಸಿ, ಅವರ ನಗುವನ್ನು ಸೇರಿಸಲಾಯಿತು. ರಿಮ್ಮರ್ ಕೆಲವು ಕಂತುಗಳಲ್ಲೇ ಹೊರಟುಹೋದ. ಕೊಚಾನ್ಸ್ಕಿ ಎಂಬ ಹೆಣ್ಣು ಪಾತ್ರ ಬಂತು. 1999ರ ಎಂಟನೆಯ ಸರಣಿಯಲ್ಲಿ ಪ್ರೇಕ್ಷಕರನ್ನು ಮರಳಿ ತಂದರು, ಸತ್ತ ಸಿಬ್ಬಂದಿಯನ್ನೂ ಬದುಕಿಸಿ ತಂದರು. ಅದರ ಮೊದಲ ಕಂತನ್ನು 80 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಆದರೆ ಹಡಗಿನ ತುಂಬ ಜನ ತುಂಬಿದ ಮೇಲೆ ಒಂಟಿತನ ಎಲ್ಲಿ ಉಳಿಯಿತು? ನೋಡುಗರ ಸಂಖ್ಯೆ ಅತಿ ಹೆಚ್ಚಾದಾಗಲೇ ಕೃತಿಯ ಜೀವಸೆಲೆ ಬತ್ತಿತ್ತು. ಕೊನೆಗೆ ರಿಮ್ಮರ್ ಸಾವಿನ ದೇವತೆಗೇ ಒದ್ದು ಓಡುವಲ್ಲಿ, ಮುಂದೇನೆಂದು ಹೇಳದೆ, ಸರಣಿ ನಿಂತಿತು. ಮುಂದಿನ ವರ್ಷಗಳು ಚಲನಚಿತ್ರ ಮಾಡುತ್ತೇವೆಂಬ ಆಸೆಯಲ್ಲಿ ಕಳೆದವು. ಹಣ ಕೂಡಿಬರಲಿಲ್ಲ.

ಇವೆರಡರ ನಡುವೆ ನಡೆದ ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ಮುಖ್ಯವಾದುದು. 1998ರಲ್ಲಿ ಮೊದಲ ಮೂರು ಸರಣಿಗಳನ್ನು ‘ಹೊಸದು’ ಮಾಡಿದರು. ಕೈಯಿಂದ ಮಾಡಿದ ಹಡಗಿನ ಮಾದರಿಯನ್ನು ತೆಗೆದು ಗಣಕದಲ್ಲಿ ಬರೆದ ಉದ್ದನೆಯ ಪೆನ್ಸಿಲಿನಂಥ ಹಡಗನ್ನಿಟ್ಟರು. ಚಿತ್ರಕ್ಕೆ ಸಿನಿಮಾದ ಮೆರುಗು ಕೊಟ್ಟರು, ಅಲ್ಲಲ್ಲಿ ಮಾತುಗಳನ್ನು ಕತ್ತರಿಸಿದರು. ಹಳೆಯ ಅಭಿಮಾನಿಗಳಲ್ಲಿ ಇದನ್ನು ಮೆಚ್ಚಿದವರು ಕಡಿಮೆ. 2002ರಿಂದ ಡಿ.ವಿ.ಡಿ.ಗಳು ಬಂದಾಗ ಮೊದಲು ಹೊರಬಂದದ್ದು ಹಳೆಯ ರೂಪವೇ. ನನ್ನ ಮಟ್ಟಿಗೆ ಇಲ್ಲಿ ಅಭಿಮಾನಿಗಳ ಪಕ್ಷವೇ ನ್ಯಾಯದ್ದು. ಕರ್ತೃವಿಗೆ ಹೊಸದನ್ನು ಬರೆಯುವ ಹಕ್ಕು ಪೂರ್ತಿ ಇದೆ. ಆದರೆ ಕೊಟ್ಟುಬಿಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡು ಬಣ್ಣ ಬಳಿದು ಇದೇ ಅಸಲು ಎನ್ನುವ ಹಕ್ಕು ಅಷ್ಟು ಸುಲಭವಾಗಿ ಇಲ್ಲ. ಆ ಬೊಂಬೆ ಹಡಗಿನ ಮೇಲೆ ಬಿದ್ದ ಬೆಳಕಿಗೆ ಒಂದು ತೂಕವಿತ್ತು. ಗಣಕದ ಹಡಗಿಗೆ ಅದಿಲ್ಲ.

ಈಗ 2009ಕ್ಕೆ ಬರೋಣ. ಬಿ.ಬಿ.ಸಿ.ಯಲ್ಲಲ್ಲ, ‘ಡೇವ್’ ಎಂಬ ಚಿಕ್ಕ ವಾಹಿನಿಯಲ್ಲಿ ಈಸ್ಟರಿನ ಮೂರು ರಾತ್ರಿ ‘ಬ್ಯಾಕ್ ಟು ಅರ್ತ್’ ಪ್ರಸಾರವಾಯಿತು. ಮೊದಲ ರಾತ್ರಿ 20 ಲಕ್ಷ ಜನ ನೋಡಿದರು. ಆ ವಾಹಿನಿಗೆ ಅದು ಕಂಡುಕೇಳದ ಸಂಖ್ಯೆ. ನೇಲರ್ ತಾವೇ ಬರೆದು ನಿರ್ದೇಶಿಸಿದ್ದರು. ನಾಲ್ವರೂ ಇದ್ದರು, ಮುಖಗಳಿಗೆ ವಯಸ್ಸಾಗಿತ್ತು. ಪ್ರೇಕ್ಷಕರ ನಗು ಇರಲಿಲ್ಲ.

ಈ ಇಲ್ಲದ ನಗುವೇ ಮುಖ್ಯ ತಕರಾರಾಯಿತು. ಮಾತು ಹಳೆಯ ಲಯದಲ್ಲಿಯೇ ಬರುತ್ತದೆ, ನಗಲು ಜಾಗ ಬಿಡುತ್ತದೆ, ಆದರೆ ಆ ಜಾಗದಲ್ಲಿ ಏನೂ ಇಲ್ಲ. ಮದುವೆ ಮನೆಯಲ್ಲಿ ಎಲೆ ಹಾಕಿ ಬಡಿಸುವವರೇ ಬಾರದಂತೆ. ಸ್ಟುಡಿಯೋ ನಗುವನ್ನು ಕೃತಕವೆಂದು ಹಳಿಯುವುದು ಬುದ್ಧಿವಂತರ ರೂಢಿ. ಆದರೆ ಎದುರು ಕುಳಿತ ಮುನ್ನೂರು ಜನರ ಉಸಿರಿಗೆ ತಕ್ಕಂತೆ ನಟ ತನ್ನ ಮಾತನ್ನು ಅರೆಕ್ಷಣ ತಡೆದು ಬಿಡುವುದನ್ನು ಯಕ್ಷಗಾನದ ಹಾಸ್ಯಗಾರನನ್ನು ಕಂಡ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕ್ರಿಸ್ ಬ್ಯಾರಿಯಂಥ ನಟನಿಗೆ ಆ ಅರೆಕ್ಷಣವೇ ಅರ್ಧ ಅಭಿನಯ.

ಮತ್ತೊಂದು ಪಂಗಡ ಇದನ್ನೇ ಮೆಚ್ಚಿತು. ಕೊಚಾನ್ಸ್ಕಿ ಸತ್ತಳೆಂದು ನಂಬಿ, ಅವಳ ಸ್ಮಾರಕಶಿಲೆಯ ಬಳಿ ಲಿಸ್ಟರ್ ಒಬ್ಬನೇ ಕುಳಿತಿರುವ ದೃಶ್ಯವಿದೆ. ಅಲ್ಲಿ ನಗು ಕೇಳಿಸಿದ್ದರೆ ಎಲ್ಲವೂ ಹಾಳಾಗುತ್ತಿತ್ತು ಎಂದರು. ಇದೂ ನಿಜವೇ. 1988ರ ಮೊದಲ ಕಂತಿನಿಂದಲೂ ಈ ಮನುಷ್ಯ ಎಲ್ಲವನ್ನೂ ಕಳಕೊಂಡವನು. ನಮ್ಮ ನಗುವಿನ ಗದ್ದಲದಲ್ಲಿ ಅದು ಕೇಳಿಸುತ್ತಿರಲಿಲ್ಲ, ಅಷ್ಟೆ. ಒಬ್ಬರಿಗೆ ಕೃತಿಯ ತಿರುಳು ಅದರ ನಗು, ಇನ್ನೊಬ್ಬರಿಗೆ ಅದರ ದುಃಖ. ಹಳೆಯ ಕಂತುಗಳಲ್ಲಿ ಇವೆರಡೂ ಬೇರ್ಪಡಿಸಲಾಗದಂತೆ ಬೆಸೆದಿದ್ದವು. ಹೊಸತು ಅವನ್ನು ಬಿಡಿಸಿ ಬೇರೆ ಬೇರೆ ಎಲೆಗಳಲ್ಲಿ ಬಡಿಸಿತು. ನನ್ನ ಆಕ್ಷೇಪ ಇದೇ.

ಕಥೆಯ ಆಯ್ಕೆಯಲ್ಲಂತೂ ನೇಲರ್ ಸೋಮಾರಿತನ ತೋರಿದರೆಂದೇ ಹೇಳಬೇಕು. ನಾಲ್ವರೂ ಭೂಮಿಗೆ ಬಂದು, ತಾವು ಒಂದು ಧಾರಾವಾಹಿಯ ಪಾತ್ರಗಳೆಂದು ತಿಳಿದು, ತಮ್ಮನ್ನು ಸೃಷ್ಟಿಸಿದವನನ್ನು ಹುಡುಕಿಕೊಂಡು ಹೋಗುತ್ತಾರೆ. ‘ಬ್ಲೇಡ್ ರನ್ನರ್’ ಚಿತ್ರದ ನೆರಳು ಎದ್ದು ಕಾಣುತ್ತದೆ. ಕ್ರೇಗ್ ಚಾರ್ಲ್ಸ್ ಆಗ ನಿಜವಾಗಿ ನಟಿಸುತ್ತಿದ್ದ ‘ಕೊರೊನೇಷನ್ ಸ್ಟ್ರೀಟ್’ ಧಾರಾವಾಹಿಯ ಬೀದಿಗೂ ಹೋಗಿಬರುತ್ತಾರೆ. ಕೊನೆಗೆ ಇದೆಲ್ಲ ಒಂದು ಸಮುದ್ರಜೀವಿಯ ಮಸಿಯಿಂದಾದ ಭ್ರಮೆ ಎಂದು ತಿಳಿಯುತ್ತದೆ. ಈ ಉಪಾಯ 1992ರ ‘ಬ್ಯಾಕ್ ಟು ರಿಯಾಲಿಟಿ’ಯದು. ಅಲ್ಲಿ ಆ ಮಸಿ ಮನುಷ್ಯನನ್ನು ಹತಾಶೆಗೆ ನೂಕಿ ಸಾಯಿಸುತ್ತಿತ್ತು. ತಾವು ನಂಬಿದ್ದ ಬದುಕೇ ಒಂದು ಆಟವಾಗಿತ್ತೆಂದು ತಿಳಿದ ಪಾತ್ರಗಳು ಕುಸಿಯುತ್ತಿದ್ದವು. ಇಲ್ಲಿ ಮಸಿ ಸುಖದ ಭ್ರಮೆ ಕೊಡುತ್ತದೆ. ಅಭಿಮಾನಿಗೆ ಕಣ್ಣು ಮಿಟುಕಿಸಲು ಇಷ್ಟೆಲ್ಲ ವ್ಯವಸ್ಥೆ ಬೇಕಾಗಿರಲಿಲ್ಲ. ಹತ್ತು ವರ್ಷ ಕಾದವನು ಆ ಹಡಗನ್ನು ನೋಡಲು ಬಂದಿದ್ದ, ತನ್ನನ್ನೇ ಕನ್ನಡಿಯಲ್ಲಿ ನೋಡಿಕೊಳ್ಳಲು ಅಲ್ಲ. ಎಂಟನೆಯ ಸರಣಿಯ ಕೊನೆಯಲ್ಲಿ ಏನಾಯಿತು, ಈ ರಿಮ್ಮರ್ ಯಾವ ರಿಮ್ಮರ್ ಎಂಬ ಪ್ರಶ್ನೆಗೆ ಉತ್ತರವೂ ಸಿಗಲಿಲ್ಲ. ಅಭಿಮಾನಿಗಳು ಇದನ್ನು ಬಹಳ ದೊಡ್ಡದು ಮಾಡಿದರು. ನನಗೆ ಅದು ದೊಡ್ಡದೆನಿಸಲಿಲ್ಲ. ಮೊದಲ ಸರಣಿಯಲ್ಲಿ 169 ಇದ್ದ ಸಿಬ್ಬಂದಿಯ ಸಂಖ್ಯೆ ಮುಂದೆ ಯಾರೂ ಕೇಳದೆ ಸಾವಿರ ದಾಟಿದ ಧಾರಾವಾಹಿ ಇದು!

2012ರ ಹತ್ತನೆಯ ಸರಣಿಯಲ್ಲಿ ಪ್ರೇಕ್ಷಕರು ಮರಳಿ ಬಂದರು. ನಟರ ಬೆನ್ನು ನೆಟ್ಟಗಾದದ್ದು ಕಣ್ಣಿಗೆ ಕಾಣುತ್ತದೆ. ಆದರೂ ಆರು ಕಂತುಗಳೂ ಒಂದೇ ಮಟ್ಟದವಲ್ಲ. ‘ಫಾದರ್ಸ್ ಅಂಡ್ ಸನ್ಸ್’ನಲ್ಲಿ ಲಿಸ್ಟರ್ ತನಗೆ ತಾನೇ ತಂದೆಯಾಗಿ ತನಗೇ ಬುದ್ಧಿ ಹೇಳುವ ಭಾಗ ಚೆನ್ನಾಗಿದೆ. ಅದೇ ಕಂತಿನಲ್ಲಿ ಚೀನೀಯರ ಉಚ್ಚಾರವನ್ನು ಅಣಕಿಸುವ ಒಂದು ಮಾರಾಟಯಂತ್ರವಿದೆ. 1970ರ ದಶಕದ ಈ ನಗೆ 2012ರಲ್ಲಿ ಯಾಕೆ ಬೇಕಾಯಿತೋ. ಟೀಕೆ ಬಂದದ್ದು ಸರಿಯಾಗಿಯೇ ಇತ್ತು. ‘ಲೆಮನ್ಸ್’ ಕಂತಿನಲ್ಲಿ ನಾಲ್ವರೂ ಕ್ರಿ.ಶ. 23ರ ಬ್ರಿಟನ್ನಿಗೆ ಹೋಗಿ ಬೀಳುತ್ತಾರೆ. ಮರಳಲು ಬೇಕಾದ ವಿದ್ಯುತ್ತಿಗೆ ನಿಂಬೆಹಣ್ಣು ಬೇಕು, ನಿಂಬೆ ಇರುವುದು ಭಾರತದಲ್ಲಿ, ಹಾಗಾಗಿ ತಿಂಗಳುಗಟ್ಟಲೆ ನಡೆದು ಬರುತ್ತಾರೆ. ಉಪಾಯ ಸೊಗಸಾಗಿದೆ. ಆದರೆ ಬಂದು ಸೇರಿದ ಭಾರತವೆಂಬುದು ಒಂದು ಸಂತೆಯ ಮೂಲೆ ಮಾತ್ರ; ಅಲ್ಲಿ ಯೇಸು ಎಂಬ ಹೆಸರಿನವನೊಬ್ಬ ಸಿಕ್ಕಿದ ಕೂಡಲೇ ಕಥೆ ನಮ್ಮನ್ನು ಮರೆತುಬಿಡುತ್ತದೆ. ಮಲಬಾರಿನ ಮೆಣಸು ರೋಮಿನ ಹಡಗುಗಳಲ್ಲಿ ಹೋಗುತ್ತಿದ್ದ ಕಾಲವದು. ಕಾಲ್ನಡಿಗೆಯ ಬದಲು ಹಡಗೇರಿಸಿದ್ದರೆ ಲಿಸ್ಟರನಿಗೆ ತನ್ನ ಮೆಚ್ಚಿನ ಖಾರದ ಸಾರಿನ ಮೂಲವಾದರೂ ಸಿಗುತ್ತಿತ್ತು. (ಅವನು ಜೀವ ಬಿಡುವ ವಿಂದಾಲೂ ಗೋವೆಯಿಂದ ಹೋದದ್ದು. ಅದಕ್ಕೆ ಬೇಕಾದ ಒಣಮೆಣಸು ಪೋರ್ಚುಗೀಸರು ತಂದುಕೊಟ್ಟದ್ದು, ಅಂದರೆ ಅಂದಿಗೆ ಇನ್ನೂ ಸಾವಿರದೈನೂರು ವರ್ಷ ಕಾಯಬೇಕು.)

ಆ ಸರಣಿಯ ಕೊನೆಯ ಕಂತು ‘ದಿ ಬಿಗಿನಿಂಗ್’ ಮಾತ್ರ ಹಳೆಯ ಕಂತುಗಳ ಸಾಲಿನಲ್ಲಿ ನಿಲ್ಲಬಲ್ಲದು. ತಂದೆಯ ಮೆಚ್ಚುಗೆಗಾಗಿ ಬದುಕೆಲ್ಲ ಪರೀಕ್ಷೆ ಬರೆದ ರಿಮ್ಮರನಿಗೆ, ತಾನು ತಂದೆಯೆಂದುಕೊಂಡವನು ತನ್ನ ತಂದೆಯಲ್ಲ, ಮನೆಯ ತೋಟದ ಆಳೇ ತನ್ನ ಹೆತ್ತಪ್ಪ ಎಂದು ತಿಳಿಯುತ್ತದೆ. ಅವಮಾನದಿಂದ ಕುಗ್ಗಬೇಕಾದವನು ಹಗುರಾಗುತ್ತಾನೆ. ತೋಟದ ಆಳಿನ ಮಗ ಇಷ್ಟು ದೂರ ಬಂದದ್ದೇ ಸಾಧನೆಯಲ್ಲವೇ ಎಂದು ಅವನಿಗೆ ಹೊಳೆಯುತ್ತದೆ. ಇಪ್ಪತ್ತೈದರ ನಟನಿಂದ ಈ ದೃಶ್ಯವನ್ನು ಮಾಡಿಸಲಾಗದು. ಐವತ್ತು ದಾಟಿದ ಮುಖ ಬೇಕು. ಮರಳಿ ಬರುವುದಕ್ಕೆ ಒಂದು ಸಮರ್ಥನೆ ಇದ್ದರೆ ಅದು ಇಲ್ಲಿದೆ.

2016 ಮತ್ತು 2017ರಲ್ಲಿ ಮತ್ತೆ ಆರಾರು ಕಂತುಗಳು ಬಂದವು. ಅವುಗಳ ಬಗ್ಗೆ ಹೆಚ್ಚು ಹೇಳಲಾರೆ. ಕೆಲವು ನಗಿಸುತ್ತವೆ, ಕೆಲವು ನೋಡಿದ ಮರುದಿನ ನೆನಪಿರುವುದಿಲ್ಲ. 2017ರ ‘ಸ್ಕಿಪ್ಪರ್’ನಲ್ಲಿ ನಾರ್ಮನ್ ಲವೆಟ್ ಹೋಲಿಯಾಗಿ ತಲೆ ತೋರಿದ್ದಕ್ಕೆ ಅಭಿಮಾನಿಗಳು ಹಿಗ್ಗಿದರು.

2020ರ ಏಪ್ರಿಲ್‌ನಲ್ಲಿ ಬಂದ ಒಂದೂವರೆ ತಾಸಿನ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಇಷ್ಟು ವರ್ಷಗಳ ಜಗಳವನ್ನು ಕಥೆಯೊಳಗೇ ತಂದಿದೆ ಎಂದು ನನಗೆ ಅನ್ನಿಸಿತು. ಲಿಸ್ಟರ್ ಹಳೆಯ ಹೋಲಿಯನ್ನು ಮತ್ತೆ ಚಾಲೂ ಮಾಡುತ್ತಾನೆ. ಎದ್ದ ಹೋಲಿಗೆ ಇವರು ಯಾರೆಂಬ ನೆನಪಿಲ್ಲ. ಮೊದಲ ದಿನದಂತೆಯೇ ಇದ್ದಾನೆ, ಶುದ್ಧ, ನಿಯಮಬದ್ಧ. ಅವನು ಮಾಡುವ ಮೊದಲ ಕೆಲಸ ಹಡಗನ್ನು ರದ್ದುಗೊಳಿಸಲು ಹೊರಡುವುದು. ಇವರು ಓಡಿಹೋಗಬೇಕಾಗುತ್ತದೆ. ‘ಎಲ್ಲವೂ 1988ರಲ್ಲಿ ಇದ್ದಂತೆಯೇ ಬೇಕು’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನೇಲರ್ ಬೇರೆಲ್ಲಿಯೂ ಕೊಟ್ಟಿಲ್ಲ. ಲಿಸ್ಟರನನ್ನು ದೇವರೆಂದು ಪೂಜಿಸುವ ಬೆಕ್ಕುಗಳೂ ಮೊದಲ ಸರಣಿಯಿಂದಲೇ ಎದ್ದು ಬರುತ್ತವೆ. ಅವುಗಳೆದುರು ನಿಂತ ನಡುವಯಸ್ಸಿನ, ಕೊಳೆ ಬಟ್ಟೆಯ ದೇವರಿಗೆ ತನ್ನ ಭಕ್ತರಿಗೆ ಏನು ಹೇಳಬೇಕೆಂದು ಗೊತ್ತಾಗುವುದಿಲ್ಲ.

ಅದರಲ್ಲಿ ಒಂದು ಕಡೆ, ವಿದ್ಯುತ್ತು ಕಡಿಮೆಯಾಗಿ ರಿಮ್ಮರ್ ಬಣ್ಣ ಕಳಕೊಂಡು ಕಪ್ಪು-ಬಿಳುಪಾಗುತ್ತಾನೆ. ತಾನು ನಿಜವಲ್ಲ, ಸತ್ತವನೊಬ್ಬನ ನಕಲು ಮಾತ್ರ ಎಂದು ಹಲುಬುತ್ತಾನೆ. ಲಿಸ್ಟರ್ ಅವನಿಗೆ ಬೆಳದಿಂಗಳಿನ ಮಾತು ಹೇಳುತ್ತಾನೆ. ಅದು ಚಂದ್ರನ ಸ್ವಂತದ್ದಲ್ಲ, ಸೂರ್ಯನದು. ಹಾಗೆಂದು ಬೆಳದಿಂಗಳು ಇಲ್ಲವೆನ್ನಲಾದೀತೇ ಎಂದು. ಸ್ಟುಡಿಯೋದಲ್ಲಿ ನಗಲೆಂದೇ ಬಂದ ಜನ ಕುಳಿತಿದ್ದಾರೆ, ಆದರೂ ಇಬ್ಬರು ನಟರೂ ಅವಸರ ಮಾಡುವುದಿಲ್ಲ. 2009ರಲ್ಲಿ ಬಿಡಿಸಿಹಾಕಿದ್ದ ನಗುವೂ ದುಃಖವೂ ಇಲ್ಲಿ ಮತ್ತೆ ಒಂದೇ ಕೋಣೆಯೊಳಗೆ ಬಂದಿವೆ. ಇದಾದ ಮೇಲಿನ ಹೊಡೆದಾಟದ ಭಾಗ, ಆ ದುಷ್ಟ ಬೆಕ್ಕಿನ ದೊರೆಯ ಅಬ್ಬರ, ಎಲ್ಲ ಇಪ್ಪತ್ತು ನಿಮಿಷ ಹೆಚ್ಚಾಯಿತು.