ಅವಸರವಿಲ್ಲದ ಪ್ರೇಮ

2023ರ ಜನವರಿಯಲ್ಲಿ ತೆರೆಕಂಡ ಚೀನೀ ಧಾರಾವಾಹಿ ‘ಮೀಟ್ ಯುವರ್‌ಸೆಲ್ಫ್’ ಶುರುವಾಗುವುದೇ ಸಾವಿನಿಂದ. ಜೀವದ ಗೆಳತಿ ಕ್ಯಾನ್ಸರ್‌ಗೆ ಬಲಿಯಾದಾಗ, ಬೀಜಿಂಗ್‌ನ ಹೋಟೆಲ್ ಉದ್ಯೋಗಿ ಶು ಹೊಂಗ್‌ಡೌ ಕೆಲಸ ಬಿಟ್ಟು ಯುನ್ನಾನ್ ಪ್ರಾಂತ್ಯದ ದಾಲಿಯ ಹಳ್ಳಿಗೆ ಬರುತ್ತಾಳೆ. ಲಿಯು ಯಿಫೇ ಈ ಪಾತ್ರದ ದುಃಖವನ್ನು ಅತ್ತು ಕರೆದು ತೋರಿಸುವುದಿಲ್ಲ. ಮಾತಿನ ನಡುವೆ ಸುಮ್ಮನಾಗುವುದರಲ್ಲೇ ಎಲ್ಲ ಹೇಳುತ್ತಾರೆ. ಅದ್ಭುತ ಸಂಯಮ!

ಪ್ರೇಮಕ್ಕಿಂತ ಊರೇ ಇಲ್ಲಿ ಹೆಚ್ಚು ಜೀವಂತ. ಅಲ್ಲಿನ ಬೈ ಜನಾಂಗದ ಕಸೂತಿಗೂ ಮರದ ಕೆತ್ತನೆಗೂ ಕ್ಯಾಮೆರಾ ಬಿಡುವಾಗಿ ಸಮಯ ಕೊಡುತ್ತದೆ. ಕೆತ್ತನೆ ಕಲಿಯುವ ಹುಡುಗನಿಗೆ ಪಟ್ಟಣದ ಸೆಳೆತ. ಅವನ ಚಡಪಡಿಕೆ ನಿಜವೆನಿಸುತ್ತದೆ.

ಆದರೆ 40 ಕಂತು ಹೆಚ್ಚಾಯಿತು.

ಪಟ್ಟಣದಿಂದ ಮರಳಿದ ನಾಯಕ (ಲಿ ಶಿಯನ್) ಊರನ್ನು ಉದ್ಧರಿಸುವ ದೃಶ್ಯಗಳು ಪ್ರವಾಸೋದ್ಯಮದ ಜಾಹೀರಾತಿನಂತಿವೆ. ಜಗಳಗಳೂ ಬೇಗ ತಣ್ಣಗಾಗುತ್ತವೆ. ಆದರೂ ಅವನೂ ಹೊಂಗ್‌ಡೌವೂ ಹತ್ತಿರವಾಗಲು ತೆಗೆದುಕೊಳ್ಳುವ ಕಾಲ ಮಾತ್ರ ಎಲ್ಲೂ ಭಾರವಾಗುವುದಿಲ್ಲ.