ಆರಾಧನೆ ಮೊದಲು, ಸಿದ್ಧಾಂತ ಆಮೇಲೆ

ಆದಿ ಕ್ರೈಸ್ತ ಸಭೆಯ ಬಗ್ಗೆ ಓದುಬಲ್ಲವರ ನಡುವೆ ಚಲಾವಣೆಯಲ್ಲಿರುವ ಕಥೆಗೆ ಮೂರು ಮೆಟ್ಟಿಲು. ಗಲಿಲಾಯದ ಯೇಸು ಯೆಹೂದ್ಯರ ನಡುವೆ ಬಾಳಿದ ಒಬ್ಬ ಬೋಧಕ, ಬಡವರ ಪರ ನಿಂತ ಮನುಷ್ಯ. ಗ್ರೀಕ್ ಬಲ್ಲ ಪೌಲ ಆತನನ್ನು ಜಗದ್ರಕ್ಷಕನನ್ನಾಗಿಸಿ ಹೊಸ ಮತವೊಂದನ್ನು ಕಟ್ಟಿದ. ಕೊನೆಗೆ 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್ಪರನ್ನು ಕೂಡಿಸಿ, ಆತನನ್ನು ದೇವರೆಂದು ಘೋಷಿಸಿದ. ಈ ಕಥೆಗೆ ವಿದ್ವತ್ತಿನ ಬೆಂಬಲವೂ ಇತ್ತು. 1904ರಲ್ಲಿ ವಿಲಿಯಂ ವ್ರೇಡೆ ಪೌಲನನ್ನು ಕ್ರೈಸ್ತಧರ್ಮದ ಎರಡನೆಯ ಸಂಸ್ಥಾಪಕನೆಂದರು. ಯೇಸುವನ್ನು ಕರ್ತನೆಂದು ಪೂಜಿಸುವ ಪದ್ಧತಿ ಯೆರೂಸಲೇಮಿನಲ್ಲಿ ಹುಟ್ಟಿದ್ದಲ್ಲ, ಅಂತಿಯೋಕ್ಯದಂಥ ಗ್ರೀಕ್ ಊರುಗಳ ಅನ್ಯಜನರ ನಡುವೆ ಹುಟ್ಟಿದ್ದು ಎಂದು 1913ರಲ್ಲಿ ವಿಲ್ಹೆಲ್ಮ್ ಬೂಸೆಟ್ ವಾದಿಸಿದರು. ಮೂರನೆಯ ಮೆಟ್ಟಿಲನ್ನು ಮನೆಮನೆಗೆ ತಲುಪಿಸಿದ ಕೀರ್ತಿ 2003ರ 'ದ ಡಾ ವಿಂಚಿ ಕೋಡ್' ಕಾದಂಬರಿಗೆ ಸಲ್ಲಬೇಕು.

ನಾನು ಈ ಕಥೆಯನ್ನು ಒಪ್ಪುವುದಿಲ್ಲ. ಹಾಗೆಂದು ಭಕ್ತರ ಪರ ವಕಾಲತ್ತು ವಹಿಸಲು ಹೊರಟಿಲ್ಲ; ಯೇಸು ದೇವರೋ ಅಲ್ಲವೋ ಎಂಬುದು ಇತಿಹಾಸಕಾರರು ತೀರ್ಮಾನಿಸುವ ಪ್ರಶ್ನೆಯಲ್ಲ. ಜನ ಆತನನ್ನು ಯಾವಾಗಿನಿಂದ ದೇವರೆಂಬಂತೆ ಆರಾಧಿಸತೊಡಗಿದರು ಎಂಬುದು ಖಂಡಿತ ಇತಿಹಾಸದ ಪ್ರಶ್ನೆ. ಅದಕ್ಕೆ ನಮ್ಮ ಕೈಯಲ್ಲಿರುವ ದಾಖಲೆಗಳು ಕೊಡುವ ಉತ್ತರ ಮೂರು ಮೆಟ್ಟಿಲಿನ ಕಥೆಯನ್ನು ತಲೆಕೆಳಗು ಮಾಡುತ್ತದೆ.

ಮೊದಲು ದಾಖಲೆಗಳ ಕಾಲವನ್ನು ನೋಡೋಣ. ಹೊಸ ಒಡಂಬಡಿಕೆಯಲ್ಲಿ ಸುವಾರ್ತೆಗಳು ಮುಂದೆ ಇವೆ, ಪತ್ರಗಳು ಹಿಂದೆ. ಬರೆದ ಕ್ರಮ ಇದಕ್ಕೆ ವ್ಯತಿರಿಕ್ತ. ಯೇಸು ಶಿಲುಬೆಗೇರಿದ್ದು ಸುಮಾರು 30ರಲ್ಲಿ. ಪೌಲ ಥೆಸಲೋನಿಕದವರಿಗೆ ಪತ್ರ ಬರೆದದ್ದು ಸುಮಾರು 50ರಲ್ಲಿ. ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಹಳೆಯದಾದ ಮಾರ್ಕನದು 70ರ ಆಸುಪಾಸಿನದು. ನಾವು 'ಮೂಲ' ಎಂದುಕೊಳ್ಳುವ, ಹಸಿಯುವ, ದಣಿಯುವ, ಗೆತ್ಸೆಮನೆಯಲ್ಲಿ ನಡುಗುವ ಯೇಸು ಸಿಗುವುದು ಪತ್ರಗಳಿಗಿಂತ ಈಚಿನ ಬರಹದಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಕಾಣುವುದೇನು? ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಹಾಡಿನ ಲಯವಿರುವ ಒಂದು ಭಾಗವಿದೆ. ದೈವರೂಪದಲ್ಲಿದ್ದವನು ತನ್ನನ್ನು ಬರಿದು ಮಾಡಿಕೊಂಡು, ದಾಸನ ರೂಪ ತಾಳಿ, ಶಿಲುಬೆಯ ಸಾವಿನವರೆಗೂ ಇಳಿದ. ಆಮೇಲೆ ದೇವರು ಅವನನ್ನು ಮೇಲೆತ್ತಿದ. ಸಕಲ ಜೀವಿಗಳೂ ಅವನ ಹೆಸರಿಗೆ ಮೊಣಕಾಲೂರುತ್ತವೆ. ಈ ಮೊಣಕಾಲೂರುವ ಚಿತ್ರ ಬಂದದ್ದು ಯೆಶಾಯನ ಗ್ರಂಥದ 45ನೆಯ ಅಧ್ಯಾಯದಿಂದ. ಅಲ್ಲಿ ಆ ಗೌರವ ಇಸ್ರಾಯೇಲಿನ ದೇವರೊಬ್ಬನಿಗೇ ಮೀಸಲು, ಬೇರಾರಿಗೂ ಇಲ್ಲ. ಫಿಲಿಪ್ಪಿಯ ಪತ್ರದ ಈ ಭಾಗವನ್ನು ಆದಾಮನ ಕಥೆಯ ಮರುನಿರೂಪಣೆಯಾಗಿ ಓದುವವರಿದ್ದಾರೆ, ಜೇಮ್ಸ್ ಡನ್ ಅವರಲ್ಲಿ ಪ್ರಮುಖರು. ಹಾಗೆ ಓದಿದರೂ ಕೊನೆಯ ಆ ಆರಾಧನೆ ಅಲ್ಲಾಡುವುದಿಲ್ಲ. ಯೇಸು ಸತ್ತ ಸುಮಾರು ಮೂವತ್ತು ವರ್ಷದೊಳಗೆ ಬರೆದ ಪತ್ರವಿದು. ಪೌಲ ಆಗಲೇ ಪ್ರಚಾರದಲ್ಲಿದ್ದ ಹಾಡನ್ನು ಇಲ್ಲಿ ಬಳಸಿಕೊಂಡಿದ್ದಾನೆ ಎನ್ನುವ ಹಲವು ವಿದ್ವಾಂಸರ ಮಾತು ನಿಜವಾದರೆ ಅದು ಇನ್ನೂ ಹಳೆಯದು.

ಇದನ್ನೆಲ್ಲ ಪೌಲನೇ ಕಲ್ಪಿಸಿದ ಎನ್ನಬಹುದಲ್ಲ? ಎನ್ನಲು ಪೌಲನೇ ಬಿಡುವುದಿಲ್ಲ. ಕೊರಿಂಥದವರಿಗೆ ಬರೆಯುವಾಗ, ಕ್ರಿಸ್ತನ ಮರಣ ಮತ್ತು ಪುನರುತ್ಥಾನದ ಸುದ್ದಿ ತನಗೂ ಬೇರೆಯವರಿಂದ ಬಂದದ್ದು, ತಾನು ಅದನ್ನು ದಾಟಿಸುತ್ತಿದ್ದೇನೆ ಎನ್ನುತ್ತಾನೆ. ಗಲಾತ್ಯದವರಿಗೆ ಬರೆಯುವಾಗ, ತಾನು ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ ಹದಿನೈದು ದಿನ ಇದ್ದುದನ್ನೂ ಯೇಸುವಿನ ಸಹೋದರ ಯಾಕೋಬನನ್ನು ಕಂಡದ್ದನ್ನೂ ಹೇಳುತ್ತಾನೆ. ಅದೇ ಪತ್ರದಲ್ಲಿ ಅಂತಿಯೋಕ್ಯದ ಜಗಳವೂ ಇದೆ. ಅನ್ಯಜನರೊಂದಿಗೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಪೇತ್ರ, ಯಾಕೋಬನ ಕಡೆಯವರು ಬಂದೊಡನೆ ಹಿಂದೆ ಸರಿದ. ಬಾರ್ನಬನೂ ಅವನ ಹಿಂದೆ ಹೋದ. ಪೌಲ ಎಲ್ಲರೆದುರು ಪೇತ್ರನ ಮುಖಕ್ಕೇ ಹೇಳಿದ. ಜಗಳ ಊಟದ್ದು, ಸುನ್ನತಿಯದ್ದು, ಧರ್ಮಶಾಸ್ತ್ರದ ಕಟ್ಟುಪಾಡಿನದ್ದು. ಯೇಸುವನ್ನು ಕರ್ತನೆಂದು ಕರೆಯಬಹುದೇ, ಆತನ ಹೆಸರಿನಲ್ಲಿ ಮೊರೆಯಿಡಬಹುದೇ ಎಂಬ ಬಗ್ಗೆ ಯೆರೂಸಲೇಮಿನವರೊಂದಿಗೆ ಜಗಳವಾದ ಒಂದು ಸುಳಿವೂ ಇಲ್ಲ. ಮೌನದಿಂದ ವಾದ ಹೂಡುವುದು ಸಾಮಾನ್ಯವಾಗಿ ದುರ್ಬಲ, ನಿಜ. ಆದರೆ ಜಗಳವನ್ನು ಮುಚ್ಚಿಡುವುದು ಪೌಲನ ಜಾಯಮಾನದಲ್ಲೇ ಇರಲಿಲ್ಲ. ಅಂಥವನ ಮೌನಕ್ಕೆ ತೂಕವಿದೆ. ಬೂಸೆಟ್ಟರ ವಾದಕ್ಕೆ ಇನ್ನೂ ಗಟ್ಟಿಯಾದ ತೊಡಕೊಂದಿದೆ. ಗ್ರೀಕ್ ಆಡುತ್ತಿದ್ದ ಕೊರಿಂಥದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ, ಕರ್ತನು ಬರಲಿ ಎಂಬ ಅರಮಾಯಿಕ್ ಮೊರೆಯನ್ನು ಅರ್ಥ ಬಿಡಿಸದೆ ಹಾಗೇ ಬಳಸುತ್ತಾನೆ. ಆ ಮೊರೆ ಅರಮಾಯಿಕ್ ಆಡುತ್ತಿದ್ದ ಪಲೆಸ್ತೀನದ ಶಿಷ್ಯರ ಕೂಟದಿಂದ ಬಂದದ್ದು ಎನ್ನದೆ ಇದನ್ನು ವಿವರಿಸುವುದು ಕಷ್ಟ. ಲ್ಯಾರಿ ಹುರ್ಟಾಡೊ ಇಂಥ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿ 2003ರಲ್ಲಿ ಬರೆದ ಬೃಹತ್ ಗ್ರಂಥದ ನಂತರವೂ ಹಳೆಯ ಕಥೆ ಜನಪ್ರಿಯ ಬರಹಗಳಲ್ಲಿ ಹಾಗೇ ಮುಂದುವರಿದಿರುವುದು ನನಗೆ ಬೇಸರದ ಸಂಗತಿ.

ಎದುರು ಪಕ್ಷಕ್ಕೂ ಬಲವಿಲ್ಲದಿಲ್ಲ. ರೋಮಿನವರಿಗೆ ಬರೆದ ಪತ್ರದ ಆರಂಭದಲ್ಲಿ, ಪುನರುತ್ಥಾನದಿಂದ ಯೇಸು ದೇವಪುತ್ರನಾಗಿ ನೇಮಕಗೊಂಡ ಎಂಬರ್ಥದ ಹಳೆಯ ಸೂತ್ರವಿದೆ. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರನ ಭಾಷಣದ ಧಾಟಿಯೂ ಅದೇ. 2014ರಲ್ಲಿ ಬಾರ್ಟ್ ಎಹ್ರ್‌ಮನ್ ಇವನ್ನೇ ಆಧಾರವಾಗಿಟ್ಟುಕೊಂಡು, ಮನುಷ್ಯನೊಬ್ಬ ದೇವಪದವಿಗೆ ಏರಿದ ಎಂಬುದೇ ಮೊದಲ ನಂಬಿಕೆ ಎಂದರು. ಅವರ ಓದನ್ನು ನಾನು ತಳ್ಳಿಹಾಕುವುದಿಲ್ಲ. ಮೊದಲ ತಲೆಮಾರಿನಲ್ಲಿ ವಿವರಣೆಗಳು ಹಲವಿದ್ದವು, ಒಂದಕ್ಕೊಂದು ಒಗ್ಗದೆಯೂ ಇದ್ದವು. ಸಭೆ ಆದಿಯಲ್ಲಿ ಏಕಮತದಿಂದಿತ್ತು, ಪಾಷಂಡಿಗಳು ಆಮೇಲೆ ಬಂದರು ಎಂಬ ಧರ್ಮೋಪದೇಶಕರ ಚಿತ್ರವೂ ಅಷ್ಟೇ ತಪ್ಪು. ವಾಲ್ಟರ್ ಬಾವರ್ 1934ರಲ್ಲೇ ಅದರ ಬುಡ ಅಲುಗಿಸಿದ್ದಾರೆ. ಆದರೆ ಎಹ್ರ್‌ಮನ್ನರ ಲೆಕ್ಕದಲ್ಲೂ ಈ ಏರಿಕೆ ಆದದ್ದು ಯೇಸುವಿನ ಮರಣದ ಬೆನ್ನಿಗೇ, ಶಿಷ್ಯರ ನಡುವೆಯೇ. ಪೌಲನಿಗೂ ಕಾನ್‌ಸ್ಟಂಟೈನನಿಗೂ ಅಲ್ಲಿ ಕೆಲಸವಿಲ್ಲ. ಬಗೆಬಗೆಯ ವಿವರಣೆ ಇಟ್ಟುಕೊಂಡಿದ್ದವರು ಒಂದೇ ಮೊರೆ ಇಡುತ್ತಿದ್ದರು. ನಿಧಾನವಾಗಿ ಬೆಳೆದದ್ದು ಆ ಮೊರೆಗೆ ತಕ್ಕ ತತ್ತ್ವ.

ಮೂರು ಮೆಟ್ಟಿಲಿನ ಕಥೆ ನಂಬಿಕೆಯ ಚರಿತ್ರೆಯನ್ನು ಮೂರು ನಾಲ್ಕು ದೊಡ್ಡ ಹೆಸರುಗಳ ಚರಿತ್ರೆಯಾಗಿಸುತ್ತದೆ. ನನ್ನ ದೊಡ್ಡ ದೂರು ಇದೇ. ಸಭೆ ಹುಟ್ಟಿದ್ದು ಬೇರೆಯವರ ಮನೆಯಲ್ಲಿ, ಊಟದ ಹೊತ್ತಿನಲ್ಲಿ. ಕೊರಿಂಥದ ಪ್ರಸಂಗವನ್ನೇ ನೋಡಿ. ಅಂದಿನ ಉಳ್ಳವರ ಮನೆಯ ಊಟದ ಕೋಣೆಯಲ್ಲಿ ಒರಗಿ ಕೂರಲು ಒಂಬತ್ತು ಹತ್ತು ಜನಕ್ಕೆ ಜಾಗ; ಉಳಿದವರಿಗೆ ಹೊರಗಿನ ಅಂಗಳವೇ ಗತಿ. ಅನುಕೂಲಸ್ಥರು ಬೇಗ ಬಂದು ತಮ್ಮ ಪಾಲಿನದನ್ನು ಉಂಡು ಕುಡಿದು ಮುಗಿಸುತ್ತಿದ್ದರು. ದುಡಿದು ತಡವಾಗಿ ಬರುವ ಆಳುಗಳು, ದಾಸರು ಹಸಿದೇ ಇರುತ್ತಿದ್ದರು. ಈ ಪಂಕ್ತಿಭೇದದ ಸುದ್ದಿ ಕಿವಿಗೆ ಬಿದ್ದಾಗ ಪೌಲ ಕೆಂಡವಾಗುತ್ತಾನೆ. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ, ಇಲ್ಲದವರನ್ನು ನಾಚಿಸುವ ಕೆಲಸ ಎಂಬುದು ಅವನ ತೀರ್ಪು. ಕೊನೆಯ ರಾತ್ರಿ ಯೇಸು ರೊಟ್ಟಿ ಮುರಿದ ವೃತ್ತಾಂತದ ಅತಿ ಹಳೆಯ ಲಿಖಿತ ರೂಪ ನಮಗೆ ಸಿಕ್ಕಿರುವುದು ಈ ಗದರಿಕೆಯ ನಡುವೆ. ಊಟದಲ್ಲಿ ತಾರತಮ್ಯ ಬೇಡ ಎಂಬ ವಾದಕ್ಕೆ ಆಧಾರವಾಗಿ ಅವನು ಅದನ್ನು ನೆನಪಿಸುತ್ತಾನೆ. ಪೌಲನನ್ನು ಬಡವರ ಯೇಸುವನ್ನು ಮರೆಸಿದ ತತ್ತ್ವಜ್ಞಾನಿ ಎನ್ನುವವರು ಈ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಈ ಮನೆಗಳಲ್ಲಿ ಹೆಂಗಸರು ಬರೀ ಬಡಿಸುತ್ತಿರಲಿಲ್ಲ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ, ಗಂಡ ಅಕ್ವಿಲನೊಂದಿಗೆ ಮನೆಯಲ್ಲಿ ಸಭೆ ಸೇರಿಸುತ್ತಿದ್ದ ಪ್ರಿಸ್ಕ, ಅಪೊಸ್ತಲರ ಸಾಲಿನಲ್ಲಿ ಹೆಸರು ಪಡೆದ ಯೂನ್ಯ, ಎಲ್ಲರೂ ರೋಮಿನ ಪತ್ರದ ಒಂದೇ ಅಧ್ಯಾಯದಲ್ಲಿದ್ದಾರೆ. ಸುಮಾರು 112ರಲ್ಲಿ ಬಿಥೂನ್ಯದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ವರದಿಯನ್ನೂ ಇದರ ಜೊತೆಗಿಡಿ. ಬೆಳಕು ಹರಿಯುವ ಮುನ್ನ ಸೇರಿ, ದೇವರಿಗೆ ಹಾಡುವಂತೆ ಕ್ರಿಸ್ತನಿಗೆ ಹಾಡಿ, ಕಳ್ಳತನ, ಹಾದರ ಮಾಡುವುದಿಲ್ಲವೆಂದು ಆಣೆಯಿಟ್ಟು, ಮತ್ತೆ ಸೇರಿ ಸಾಮಾನ್ಯ ಊಟ ಉಣ್ಣುವವರು ಕ್ರೈಸ್ತರು ಎಂದು ಅವನಿಗೆ ತಿಳಿಯುತ್ತದೆ. ಹಾಗೆ ಹೇಳಿದ್ದು ಮತ ಬಿಟ್ಟವರು. ಕೆಲವರು ಇಪ್ಪತ್ತು ವರ್ಷದ ಹಿಂದೆಯೇ ಬಿಟ್ಟಿದ್ದರು. ನಿಜ ತಿಳಿಯಲು ಪ್ಲಿನಿ ಚಿತ್ರಹಿಂಸೆ ಕೊಟ್ಟಿದ್ದು ಸಭೆಯಲ್ಲಿ ಸೇವಕಿಯರೆಂಬ ಪದವಿಯಿದ್ದ ಇಬ್ಬರು ದಾಸಿಯರಿಗೆ. ಅವರ ಹೆಸರು ಬರೆದಿಡಬೇಕೆಂದು ಅವನಿಗೆ ಅನ್ನಿಸಲಿಲ್ಲ. ನೈಸಿಯಾಕ್ಕೆ ಇನ್ನೂ ಇನ್ನೂರು ವರ್ಷವಿತ್ತು.

ಇನ್ನು ನೈಸಿಯಾ. ಅಲ್ಲಿ ಆರೋಪಿಯಾಗಿದ್ದ ಪಾದ್ರಿ ಅರಿಯಸ್ ಕೂಡ ಯೇಸುವನ್ನು ಬರೀ ಮನುಷ್ಯ ಎಂದವನಲ್ಲ. ಲೋಕಕ್ಕಿಂತ ಮುಂಚೆ ಇದ್ದವನು, ದೇವರು ಆತನ ಮೂಲಕವೇ ಜಗತ್ತನ್ನು ಸೃಷ್ಟಿಸಿದ, ಆದರೆ ತಂದೆಯಂತೆ ಅನಾದಿಯಲ್ಲ ಎಂಬುದು ಅವನ ನಿಲುವು. ಕ್ರಿಸ್ತನಿಗೆ ಪ್ರಾರ್ಥಿಸುವ ವಿಷಯದಲ್ಲಿ ಎರಡೂ ಕಡೆಯವರಿಗೆ ತಕರಾರಿರಲಿಲ್ಲ. ಆ ಪ್ರಾರ್ಥನೆಯನ್ನು ಏಕದೇವನ ನಂಬಿಕೆಯೊಂದಿಗೆ ಹೊಂದಿಸುವುದು ಹೇಗೆ ಎಂಬುದೇ ಪ್ರಶ್ನೆ. ಸುವಾರ್ತೆಗಳನ್ನು ನೈಸಿಯಾದಲ್ಲಿ ಆರಿಸಲಾಯಿತು ಎನ್ನುವವರೂ ಇದ್ದಾರೆ; ಆ ಆಯ್ಕೆ ಅಲ್ಲಿ ನಡೆಯಲೇ ಇಲ್ಲ. ನಾಲ್ಕೇ ಸುವಾರ್ತೆ ಎಂದು ಬಿಷಪ್ ಐರಿನೇಯಸ್ ಸುಮಾರು 180ರಲ್ಲೇ ಹಟ ಹಿಡಿದಿದ್ದ. ಇಂದಿನ 27 ಪುಸ್ತಕಗಳ ಪಟ್ಟಿ ಮೊದಲು ಸಿಗುವುದು ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಹಬ್ಬದ ಪತ್ರದಲ್ಲಿ. ಯೇಸುವನ್ನು ದೇವರೆಂದು ಕರೆದದ್ದಕ್ಕೆ ನೈಸಿಯಾಕ್ಕಿಂತ ಹಳೆಯ ಸಾಕ್ಷ್ಯ ನೆಲದಲ್ಲೂ ಸಿಕ್ಕಿದೆ. ಇಸ್ರೇಲಿನ ಮೆಗಿದ್ದೋ ಸೆರೆಮನೆಯ ಆವರಣದಲ್ಲಿ 2005ರಲ್ಲಿ ಅಗೆದಾಗ ಮೊಸಾಯಿಕ್ ನೆಲದ ಪ್ರಾರ್ಥನಾಗೃಹವೊಂದು ಬೆಳಕಿಗೆ ಬಂತು. ಅಗೆದವರು ಅದನ್ನು ಮೂರನೆಯ ಶತಮಾನದ್ದೆಂದು ಗುರುತಿಸಿದ್ದಾರೆ. ನೆಲದ ಖರ್ಚು ಕೊಟ್ಟವನು ಗಯಾನಸ್ ಎಂಬ ರೋಮನ್ ಶತಾಧಿಪತಿ. ಅಕೆಪ್ಟೂಸ್ ಎಂಬ ಹೆಂಗಸು ದೇವರಾದ ಯೇಸು ಕ್ರಿಸ್ತನಿಗೆ ಊಟದ ಮೇಜೊಂದನ್ನು ಅರ್ಪಿಸಿದ್ದಾಳೆಂದು ಅಲ್ಲಿನ ಗ್ರೀಕ್ ಬರಹ ಹೇಳುತ್ತದೆ. ಯಾವ ಚಕ್ರವರ್ತಿಯ ಅಪ್ಪಣೆಗೂ ಆಕೆ ಕಾದಿರಲಿಲ್ಲ.

ಕಾನ್‌ಸ್ಟಂಟೈನನೇ ಸಿದ್ಧಾಂತ ಹೇರಿದನೆಂಬ ಮಾತು ಅವನ ಮುಂದಿನ ನಡೆಗೂ ಹೊಂದುವುದಿಲ್ಲ. ಕೆಲವೇ ವರ್ಷಗಳಲ್ಲಿ ಅವನು ಅರಿಯಸ್‌ನನ್ನು ಹಿಂದಕ್ಕೆ ಕರೆಸಿಕೊಂಡ, ನೈಸಿಯಾದ ಪರವಾಗಿದ್ದ ಅಥನಾಸಿಯಸ್‌ನನ್ನು ಗಡೀಪಾರು ಮಾಡಿದ. 337ರಲ್ಲಿ ಸಾವಿನ ಹಾಸಿಗೆಯಲ್ಲಿ ದೀಕ್ಷಾಸ್ನಾನ ಪಡೆದದ್ದು ಅರಿಯಸ್‌ನ ಹಿತೈಷಿಯಾಗಿದ್ದ ನಿಕೊಮಿದಿಯದ ಯೂಸೇಬಿಯಸ್‌ನಿಂದ. ಮಗ ಕಾನ್‌ಸ್ಟಾಂಟಿಯಸ್ ಅರಿಯಸ್‌ನ ನಿಲುವನ್ನು ತಳ್ಳಿಹಾಕಿದ ನೈಸಿಯಾದ ಸೂತ್ರವನ್ನು ಮೂಲೆಗೊತ್ತಲು ದಶಕಗಳ ಕಾಲ ಶ್ರಮಿಸಿದ. ಅದು ಗಟ್ಟಿಯಾಗಿ ನೆಲೆನಿಂತದ್ದು 381ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನದಲ್ಲಿ.

ಚಕ್ರವರ್ತಿಯ ಮೇಲೆ ದೂರು ಹೊರಿಸಲು ಬೇರೆ ಕಾರಣವಿದೆ, ಅದು ಇದಕ್ಕಿಂತ ಗಂಭೀರವಾದದ್ದು. ನೈಸಿಯಾದ ಸೂತ್ರಕ್ಕೆ ಸಹಿ ಹಾಕದ ಇಬ್ಬರು ಬಿಷಪ್ಪರನ್ನು ಅರಿಯಸ್‌ನೊಂದಿಗೆ ಸರಕಾರವೇ ಗಡೀಪಾರು ಮಾಡಿತು. ಕಾನ್‌ಸ್ಟಂಟೈನನ ಕಾಲದ ತನಕ ಸಭೆ ತನ್ನ ಭಿನ್ನಮತೀಯರಿಗೆ ಕೊಡಬಹುದಾಗಿದ್ದ ದೊಡ್ಡ ಶಿಕ್ಷೆಯೆಂದರೆ ಪಂಕ್ತಿಯಿಂದ ಹೊರಗಿಡುವುದು. ಈಗ ಅದಕ್ಕೆ ಸೈನಿಕರ ಬಲ ಸಿಕ್ಕಿತು. ಅರವತ್ತು ವರ್ಷ ಕಳೆದು, 385ರ ಸುಮಾರಿಗೆ, ಟ್ರಿಯರ್‌ನಲ್ಲಿ ಆವಿಲದ ಬಿಷಪ್ ಪ್ರಿಸಿಲಿಯನ್‌ನ ತಲೆ ಕಡಿಸಲಾಯಿತು. ಕಾಗದದ ಮೇಲಿದ್ದ ಆಪಾದನೆ ಮಾಟಮಂತ್ರದ್ದು. ಬೆನ್ನಟ್ಟಿದವರು ಅವನ ಮತ ಒಪ್ಪದ ಸಹ ಬಿಷಪ್ಪರು. ಬೇಡವೆಂದು ಚಕ್ರವರ್ತಿ ಮ್ಯಾಕ್ಸಿಮಸ್‌ನ ಎದುರು ಅಂಗಲಾಚಿದ ಟೂರ್‌ನ ಮಾರ್ಟಿನ್, ಪ್ರಿಸಿಲಿಯನ್‌ನ ಬೋಧನೆಯನ್ನು ಒಪ್ಪಿದವನೇನಲ್ಲ. ಆದರೂ ಸಭೆಯ ವ್ಯಾಜ್ಯವನ್ನು ರಾಜನ ನ್ಯಾಯಾಲಯಕ್ಕೆ ಒಯ್ಯಬಾರದೆಂದು ವಾದಿಸಿದ. ಕಾನ್‌ಸ್ಟಂಟೈನನ ಕಾಲದಲ್ಲಿ ಕ್ರೈಸ್ತಧರ್ಮ ಕಳೆದುಕೊಂಡದ್ದೇನು ಎಂದು ಕೇಳುವವರು ಮಾರ್ಟಿನ್‌ನ ಆ ವಾದದಿಂದ ಶುರುಮಾಡಲಿ.